ಹತ್ತು ಕಂಪ್ಯೂಟರುಗಳ ತಾರೀಕು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಸುಳ್ಳಲ್ಲ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು ನಾನು. ಗಿರಾಕಿಗಳು "ಇದು ಯಾಕೆ ಹೀಗಾಯ್ತು?" ಎಂದು ಕೇಳಿದರೆ "ಹೇಳಿದ್ರೆ ನಿಮಗೆ ಅರ್ಥ ಆಗ್ತದಾ?" ಎಂದು ಬಾಯಿ ಮುಚ್ಚಿಸುವುದು ನನ್ನ ರೂಢಿ. ಕೆಲಸ ಸರಿಯಾಗಿ ಮಾಡಿಕೊಡುತ್ತಾನಲ್ಲ ಎಂದು ಜನ ನಕ್ಕು ಸುಮ್ಮನಾಗುತ್ತಾರೆ. ಆದರೆ ನನ್ನ ಈ ಬಾಯಿಯಿಂದ ಒಬ್ಬ ಟೀಚರ್ ಕೆಲಸ ಕಳೆದುಕೊಂಡರು. ಬರೆದುಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎಂಬ ನಂಬಿಕೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ.

ಬೆಳ್ತಂಗಡಿ ತಾಲೂಕಿನ ಒಳಭಾಗದಲ್ಲಿ ಒಂದು ಕನ್ನಡ ಮಾಧ್ಯಮದ ಹೈಸ್ಕೂಲು. ಹತ್ತು ಕಂಪ್ಯೂಟರುಗಳ ಒಂದು ಕೋಣೆ, ಎಲ್ಲವೂ ಎಲ್ಲಿಯೋ ಹಳತಾಗಿ ದಾನಕ್ಕೆ ಬಂದವು. ಅವುಗಳನ್ನು ನೋಡಿಕೊಳ್ಳಲು ಒಬ್ಬರು ಗೌರವ ಶಿಕ್ಷಕಿ. ಗೌರವ ಎಂಬುದು ಹೆಸರಿಗೆ ಮಾತ್ರ. ಆದೇಶಪತ್ರವಿಲ್ಲ, ರಜೆಯ ಲೆಕ್ಕವಿಲ್ಲ, ಆಡಳಿತ ಮಂಡಳಿ ಬೇಡವೆಂದ ದಿನ ಚೀಲ ಎತ್ತಿಕೊಂಡು ಹೊರಡಬೇಕು. ಈ ಟೀಚರ್ ಹಾಗೆಯೇ ಒಂಬತ್ತು ವರ್ಷ ದುಡಿದಿದ್ದರು. ನಲವತ್ತರ ಆಸುಪಾಸಿನ ಹೆಂಗಸು, ವೇಣೂರಿನ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಮದುವೆಗೆ ಮೊದಲು ಯಾವಾಗಲೋ ಮಾಡಿದ ಆರು ತಿಂಗಳ ಕೋರ್ಸೊಂದೇ ಅವರ ಕಂಪ್ಯೂಟರ್ ವಿದ್ಯೆ. ಮಿಕ್ಕಿದ್ದೆಲ್ಲ ಆ ಹತ್ತು ಯಂತ್ರಗಳ ಎದುರು ಕೂತು ತಾವೇ ಕಲಿತದ್ದು.

ಆ ಯಂತ್ರಗಳು ವೈರಸ್ ತುಂಬಿ, ಒಂದು ಚಿತ್ರ ತೆರೆಯಲು ಅರ್ಧ ಪೀರಿಯಡ್ ತೆಗೆದುಕೊಳ್ಳುವ ಸ್ಥಿತಿಗೆ ಬಂದಾಗ ಶಾಲೆಯ ಸಂಚಾಲಕರು ನನ್ನನ್ನು ಕರೆಸಿದರು. ಹೊಸದು ಕೊಳ್ಳುವುದು ಬೇಡ, ವಿಂಡೋಸ್ ತೆಗೆದು ಇವಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕುವ ಎಂದು ನಾನೇ ಧೈರ್ಯ ಕೊಟ್ಟೆ. ದಸರಾ ರಜೆ ಮುಗಿದ ವಾರ. ಗುರುವಾರ, ಶುಕ್ರವಾರ ಕೆಲಸ. ಶನಿವಾರ ಹನ್ನೊಂದು ಗಂಟೆಗೆ ಸಂಚಾಲಕರು ಹಳೆ ವಿದ್ಯಾರ್ಥಿ ಸಂಘದ ಇಬ್ಬರನ್ನು ಕರೆದುಕೊಂಡು ಬಂದು ನೋಡುವುದು. ಕಂಪ್ಯೂಟರ್ ಕ್ಲಾಸನ್ನು ಇಟ್ಟುಕೊಳ್ಳುವುದೋ ಮುಚ್ಚುವುದೋ ಎಂದು ಅವತ್ತೇ ತೀರ್ಮಾನ. ಗುರುವಾರ ಬೆಳಗ್ಗೆ ನಾನು ಕೋಣೆಗೆ ಕಾಲಿಡುವಾಗಲೇ ಟೀಚರ್ ಆ ಮಾತು ಹೇಳಿದ್ದರು.

"ಸರ್, ಶನಿವಾರ ಇದು ನಡೆದ್ರೆ ನನ್ನ ಕೆಲಸ ಉಂಟು. ಇಲ್ಲದಿದ್ರೆ ಇಲ್ಲ. ನಿಮ್ಮ ಕೈಯಲ್ಲಿ ಉಂಟು."

"ನೀವು ನೆಮ್ಮದಿಯಲ್ಲಿ ಇರಿ ಟೀಚರ್. ಇದು ನನಗೆ ಎಡಗೈ ಕೆಲಸ" ಎಂದೆ.

ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು. ಹಳೆ ಯಂತ್ರಗಳಿಗೆಂದೇ ಮಾಡಿದ ಹಗುರದ ಲಿನಕ್ಸನ್ನು ಮೊದಲು ಬರಿಯ ಅಡಿಪಾಯದ ಮಟ್ಟಕ್ಕೆ ಹಾಕುವುದು. ಆಗ ಸಿಗುವುದು ಕಪ್ಪು ಪರದೆ ಮತ್ತು ಮಿಣುಕುವ ಒಂದು ಗೆರೆ ಮಾತ್ರ. ಮಕ್ಕಳಿಗೆ ಬೇಕಾದ ಕಿಟಕಿ, ಐಕಾನ್, ಮೌಸು ಓಡಾಡುವ ಡೆಸ್ಕ್‌ಟಾಪನ್ನು ಆಮೇಲೆ ಬೇರೆಯಾಗಿ ತರಿಸಿ ಕೂರಿಸಬೇಕು. ಅದು ಸಾವಿರಾರು ಪ್ಯಾಕೇಜುಗಳನ್ನು ಜೋಡಿಸಿಟ್ಟ ಒಂದು ಭಂಡಾರದಿಂದ ಬರುತ್ತದೆ, ರೆಪೊಸಿಟರಿ ಎನ್ನುತ್ತೇವೆ. ಸಾಮಾನ್ಯವಾಗಿ ಅದಿರುವುದು ಇಂಟರ್ನೆಟ್ಟಿನಲ್ಲಿ. ಆ ಶಾಲೆಯಲ್ಲಿ ಇಂಟರ್ನೆಟ್ ಎಲ್ಲಿ? ಮೊಬೈಲಿಗೆ ಸಿಗ್ನಲ್ ಬೇಕಾದರೆ ಧ್ವಜಕಟ್ಟೆಯ ಹತ್ತಿರ ಹೋಗಿ ನಿಲ್ಲಬೇಕು. ಅದಕ್ಕೆ ನಾನು ಮಿಜಾರಿನ ಕಡೆ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವ ಸ್ನೇಹಿತನಲ್ಲಿಗೆ ಹೋಗಿ ಇಡೀ ಭಂಡಾರವನ್ನೇ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡು ಬಂದಿದ್ದೆ. ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿ, ಕೇಬಲ್ ಎಳೆದು, ಹತ್ತು ಯಂತ್ರಗಳಿಗೂ ಅಲ್ಲಿಂದಲೇ ಬಡಿಸುವ ಏರ್ಪಾಡು. ನಮ್ಮ ಒಳಊರುಗಳಲ್ಲಿ ನಾನು ಎಷ್ಟೋ ಕಡೆ ಹೀಗೆಯೇ ಮಾಡಿದ್ದೇನೆ.

ಗುರುವಾರ ಎಲ್ಲ ಸಲೀಸು. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಹತ್ತಕ್ಕೂ ಅಡಿಪಾಯ ಆಗಿತ್ತು. ಮೂರು ಗಂಟೆಗೆ ಮೊದಲ ಯಂತ್ರದಲ್ಲಿ ಡೆಸ್ಕ್‌ಟಾಪ್ ಚೆಂದವಾಗಿ ಎದ್ದು ಕೂತಿತು. ಟೀಚರ್ ಅದರಲ್ಲಿ ಕನ್ನಡ ಟೈಪ್ ಮಾಡಿ ನೋಡಿದರು, ಒತ್ತಕ್ಷರ ಸರಿಯಾಗಿ ಬರುತ್ತದೆ ಎಂದು ಮಕ್ಕಳನ್ನು ಕರೆದು ತೋರಿಸಿದರು. ಎಂಟನೇ ಕ್ಲಾಸಿನಿಂದ ಹತ್ತು ಮಕ್ಕಳನ್ನು ಅವರು ಶನಿವಾರಕ್ಕೆಂದು ತಯಾರು ಮಾಡಿದ್ದರು. ಒಬ್ಬೊಬ್ಬರೂ ಒಂದೊಂದು ಯಂತ್ರದಲ್ಲಿ ತಮ್ಮ ಊರಿನ ಬಗ್ಗೆ ನಾಲ್ಕು ಸಾಲು ಟೈಪ್ ಮಾಡಿ ಅತಿಥಿಗಳಿಗೆ ತೋರಿಸುವುದು.

ಅಷ್ಟರಲ್ಲಿ ಗುಡುಗು. ಮಳೆಗಾಲ ಹಿಂದೆ ಸರಿಯುವ ಆ ತಿಂಗಳಿನಲ್ಲಿ ನಮ್ಮ ಕಡೆ ಮಧ್ಯಾಹ್ನ ಕಳೆದ ಮೇಲೆ ಸಿಡಿಲಿನ ಭಯ. ಆಕಾಶ ಕಪ್ಪಾದರೆ ಸಾಕು, ಪ್ರತಿ ಮನೆಯಲ್ಲೂ ಪ್ಲಗ್ ಕೀಳುವ ಗಡಿಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕಿತ್ತು ಕೆಳಗೆ ಬಿಡಬೇಕು. ಮದುವೆ ಊಟ ಬಡಿಸುತ್ತಿದ್ದವರು ಸೌಟು ಕೆಳಗಿಟ್ಟು ಫ್ರಿಜ್ಜಿನ ಪ್ಲಗ್ ತೆಗೆಯಲು ಓಡಿದ್ದನ್ನು ಕಂಡವನು ನಾನು. ಟೀಚರ್ ಮತ್ತು ಮಕ್ಕಳು ಎರಡೇ ನಿಮಿಷದಲ್ಲಿ ಹತ್ತೂ ಯಂತ್ರಗಳ ಪ್ಲಗ್ ಕಿತ್ತರು. ಉಳಿದ ಒಂಬತ್ತು ನಾಳೆಗೆ ಎಂದು ನಾನು ಚೀಲ ಕಟ್ಟಿದೆ.

ಹೊರಡುವಾಗ ಒಂದು ಕಟ್ಟಪ್ಪಣೆ ಬೇರೆ ಮಾಡಿದೆ. "ಟೀಚರ್, ನಾಳೆ ನಾನು ಬರುವವರೆಗೆ ಯಾರೂ ಒಂದು ಕೀ ಸಹ ಮುಟ್ಟಬಾರ್ದು."

"ಆಯ್ತು ಸರ್. ಬೆಳಗ್ಗೆ ಬಂದ ಕೂಡಲೇ ನಾನು ಅದರ ತಾರೀಕೊಂದು..."

"ಏನೂ ಬೇಡ. ಮುಟ್ಟಬಾರ್ದು ಅಂದ್ರೆ ಮುಟ್ಟಬಾರ್ದು."

ಅವರು ತಲೆಯಾಡಿಸಿದರು. ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲು ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ನಿಮಿಷ ನನಗಿರಲಿಲ್ಲ. ಬಸ್ಸು ತಪ್ಪುತ್ತದೆ ಎಂಬ ಅವಸರ, ಮತ್ತೆ, ನಿಜ ಹೇಳುತ್ತೇನೆ, ಇವರು ಹೇಳುವುದರಲ್ಲಿ ಏನಿರುತ್ತದೆ ಎಂಬ ತಾತ್ಸಾರ.

ಶುಕ್ರವಾರ ಬೆಳಗ್ಗೆ ಬಂದೆ. ನನ್ನ ಮಾತಿನಂತೆ ಟೀಚರ್ ಕೋಣೆಯ ಬೀಗವನ್ನೇ ತೆಗೆದಿರಲಿಲ್ಲ. ಪ್ಲಗ್ ಚುಚ್ಚಿ ಯಂತ್ರಗಳನ್ನು ಆನ್ ಮಾಡಿದೆ. ಆನ್ ಆಗುವಾಗ ಒಂದೊಂದರಲ್ಲೂ ಏನೋ ಎರಡು ಸಾಲಿನ ತಕರಾರು ಬಂದು 'ಮುಂದುವರಿಯಲು ಎಫ್ ಒಂದು ಕೀ ಒತ್ತಿ' ಎಂದಿತು. ಒತ್ತಿದೆ. ಹಳೆ ಕಂಪ್ಯೂಟರುಗಳು ಏನಾದರೂ ಒಂದು ಗೊಣಗುತ್ತಲೇ ಇರುತ್ತವೆ, ಅದನ್ನೆಲ್ಲ ಯಾರು ಓದುತ್ತಾರೆ? ಎರಡನೇ ಯಂತ್ರಕ್ಕೆ ಡೆಸ್ಕ್‌ಟಾಪ್ ಹಾಕಲು ಆಜ್ಞೆ ಕೊಟ್ಟೆ. ಪರದೆಯ ಮೇಲೆ ಏಳೆಂಟು ಸಾಲು ಓಡಿದವು, ಕೊನೆಯಲ್ಲಿ ಒಂದು ಸಾಲು ನಿಂತಿತು: ಅಂಥ ಪ್ಯಾಕೇಜ್ ಸಿಗಲಿಲ್ಲ. ಮೂರನೆಯದರಲ್ಲೂ ಅದೇ. ಒಂಬತ್ತರಲ್ಲೂ ಅದೇ.

ನಿನ್ನೆ ಒಂದರಲ್ಲಿ ಆದದ್ದು ಇವತ್ತು ಒಂಬತ್ತರಲ್ಲಿ ಯಾಕೆ ಆಗುವುದಿಲ್ಲ? ಕೇಬಲ್ ಬದಲಿಸಿದೆ. ಭಂಡಾರದ ವಿಳಾಸ ಬರೆದ ಕಡತ ತೆರೆದು ಒಂದೊಂದು ಅಕ್ಷರ ನೋಡಿದೆ, ಸರಿ ಇತ್ತು. ಆದರೂ ಅಳಿಸಿ ಬೇರೆ ರೀತಿಯಲ್ಲಿ ಬರೆದೆ. ಕೆಲವು ತಿಂಗಳ ಹಿಂದೆ ಫರಂಗಿಪೇಟೆಯ ಒಂದು ಆಫೀಸಿನಲ್ಲಿ ಹೀಗೆಯೇ ಆಗಿತ್ತು. ಅಲ್ಲಿ ಹಾಕಿದ್ದ ಲಿನಕ್ಸ್ ಹಳತಾಗಿ, ಅದರ ಭಂಡಾರವನ್ನು ಹಳೆಯವುಗಳ ಉಗ್ರಾಣಕ್ಕೆ ಸಾಗಿಸಿದ್ದರು, ವಿಳಾಸ ತಿದ್ದಿದ ಕೂಡಲೇ ಸರಿಯಾಯಿತು. ಇಲ್ಲಿಯೂ ಅದೇ ಇರಬೇಕೆಂದು ಅದರ ಹಿಂದೆ ಎರಡು ಗಂಟೆ ಹಾಳು ಮಾಡಿದೆ. ಮೇಲೆ ಓಡಿಹೋಗುವ ಸಾಲುಗಳನ್ನು ಮಾತ್ರ ನಿಧಾನಕ್ಕೆ ಓದಲಿಲ್ಲ. ಇಪ್ಪತ್ತು ವರ್ಷ ಇದನ್ನೇ ಮಾಡಿದವನಿಗೆ ಕೊನೆಯ ಸಾಲು ಸಾಕು ಎಂಬ ಅಹಂಕಾರ. ನನ್ನ ಕರ್ಮ, ಇನ್ನೇನು.

ಆಗ ಟೀಚರ್ ಮೊದಲ ಯಂತ್ರದ ಎದುರು ಬಗ್ಗಿ ನಿಂತಿದ್ದರು. ಡೆಸ್ಕ್‌ಟಾಪ್ ಇದ್ದದ್ದು ಅದೊಂದರಲ್ಲೇ. ಪರದೆಯ ಮೂಲೆಯತ್ತ ಬೆರಳು ತೋರಿಸಿ, "ಸರ್, ಇದರ ತಾರೀಕೊಂದು ನೋಡಿ. ಸಿಡಿಲಿಗೆ ಪ್ಲಗ್ ತೆಗೆದ ಮೇಲೆ ಇದು ಯಾವಾಗ್ಲೂ..." ಎಂದು ಶುರು ಮಾಡಿದರು.

ಅಲ್ಲಿಯವರೆಗೆ ಅವರೊಡನೆ ತುಳುವಿನಲ್ಲೇ ಮಾತಾಡುತ್ತಿದ್ದ ನಾನು ಕನ್ನಡಕ್ಕೆ ತಿರುಗಿದೆ. ನಮ್ಮಲ್ಲಿ ಒಬ್ಬರನ್ನು ದೂರ ನಿಲ್ಲಿಸಬೇಕಾದರೆ ಆಫೀಸಿನ ಭಾಷೆಗೆ ಹೋಗುವುದುಂಟು. "ಟೀಚರ್, ನಾನು ಇಲ್ಲಿಗೆ ಪಂಚಾಂಗ ಓದ್ಲಿಕ್ಕೆ ಬಂದದ್ದಲ್ಲ. ಗೊತ್ತಿಲ್ಲದ ವಿಷಯಕ್ಕೆ ತಲೆ ಹಾಕ್ಬೇಡಿ. ನೀವು ಮಕ್ಕಳಿಗೆ ಪಾಠ ಮಾಡಿ, ಸಾಕು."

ಬಾಗಿಲಲ್ಲಿ ನಿಂತಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ಟೀಚರ್ ಕೂಡ ನಗಲು ನೋಡಿದರು, ಆಗಲಿಲ್ಲ. ಸೆರಗು ಸರಿಮಾಡಿಕೊಂಡು ಮಕ್ಕಳನ್ನು ಕ್ಲಾಸಿಗೆ ಕರೆದುಕೊಂಡು ಹೋದರು. ಆ ಮುಖವನ್ನು ನಾನು ಆಗ ನೋಡಿಯೂ ನೋಡದವನಂತೆ ಇದ್ದೆ.

ನಕಲು ಮಾಡಿದ ಡಿಸ್ಕೇ ಬಸ್ಸಿನ ಕುಲುಕಾಟಕ್ಕೆ ಹಾಳಾಗಿರಬೇಕು ಎಂದು ಆಮೇಲೆ ಹೊಳೆಯಿತು. ಅಲ್ಲಿಂದ ಗುರುವಾಯನಕೆರೆ, ವೇಣೂರು, ಮೂಡುಬಿದಿರೆ ದಾಟಿ ಮಿಜಾರಿಗೆ ಓಡಿದೆ. ಇಡೀ ಭಂಡಾರವನ್ನು ಮತ್ತೊಮ್ಮೆ ನಕಲು ಮಾಡಲು ಹಚ್ಚಿದೆ. ಸ್ನೇಹಿತ, "ಹಳತು ಸರಿಯೇ ಉಂಟಲ್ಲ ಮಾರಾಯ, ಎಲ್ಲ ಫೈಲೂ ಹೊಂದ್ತಾ ಉಂಟು" ಎಂದು ತಾಳೆ ಹಾಕಿ ತೋರಿಸಿದ. ಅವನ ಮಾತನ್ನೂ ನಂಬಲಿಲ್ಲ. ಹೊಸ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಬಂದೆ.

ಶನಿವಾರ ಬೆಳಗ್ಗೆ ಎಂಟಕ್ಕೇ ಶಾಲೆಯಲ್ಲಿದ್ದೆ. ಹೊಸ ಡಿಸ್ಕು, ಹೊಸ ಕೇಬಲ್. ಅದೇ ಕೊನೆಯ ಸಾಲು. ಹತ್ತೂವರೆಗೆ ಹತ್ತು ಮಕ್ಕಳು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ತಮ್ಮ ನಾಲ್ಕು ಸಾಲನ್ನು ಬರೆದ ಪುಸ್ತಕ ಹಿಡಿದುಕೊಂಡು ಸಾಲಾಗಿ ಬಂದರು. ಟೀಚರ್ ಅವರನ್ನು ಒಂದೊಂದು ಯಂತ್ರದ ಎದುರು ಕೂರಿಸಿದರು. ಒಂಬತ್ತು ಮಕ್ಕಳ ಎದುರು ಕಪ್ಪು ಪರದೆ.

ಸಂಚಾಲಕರು ಬಂದು ಸುತ್ತ ನೋಡಿದರು. "ಎಂಥ ಮಾರಾಯ್ರೆ, ಒಂದೇ ಬೆಳಗಿದ್ದಾ?"

ಇಲ್ಲಿ ನಾನು ಹೇಳಬಹುದಾದ ಮಾತು ಒಂದೇ ಇತ್ತು. ನನಗೆ ಇನ್ನೂ ಗೊತ್ತಾಗಲಿಲ್ಲ, ಎರಡು ದಿನ ಕೊಡಿ, ಎಂದರೆ ಮುಗಿಯುತ್ತಿತ್ತು. ಅವರು ಕೊಟ್ಟರೂ ಕೊಡುತ್ತಿದ್ದರು. ಅಷ್ಟು ಸಣ್ಣ ಮಾತನ್ನು ನಾನು ಹೇಳಲಿಲ್ಲ.

"ಗುರುವಾರ ಎಲ್ಲ ಸರಿ ಇತ್ತು. ನಾನು ಹೋದ ಮೇಲೆ ಯಾರೋ ಕೈ ಹಾಕಿದ್ದಾರೆ" ಎಂದೆ.

"ಯಾರು?"

ನಾನು ಹೆಸರು ಹೇಳಲಿಲ್ಲ, ಟೀಚರ್ ಕಡೆ ನೋಡಿದೆ. ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. "ಇದನ್ನು ನೋಡಿಕೊಳ್ಳಲಿಕ್ಕೆ ಗೊತ್ತಿರುವವರು ಬೇಕು. ಆರು ತಿಂಗಳ ಕೋರ್ಸ್ ಮಾಡಿದವರಿಂದ ಆಗುವ ಕೆಲಸ ಅಲ್ಲ ಇದು."

ಟೀಚರ್ ಮೆಲ್ಲಗೆ ಹೇಳಿದರು: "ನಾನು ಮುಟ್ಟಲಿಲ್ಲ. ಸರ್ ಬೇಡ ಹೇಳಿದ ಮೇಲೆ ನಾನು ಏನೂ ಮುಟ್ಟಲಿಲ್ಲ."

ಹತ್ತು ಮಕ್ಕಳೂ ಅವರ ಮುಖವನ್ನೇ ನೋಡುತ್ತಿದ್ದರು. ಸಂಚಾಲಕರು ಬಂದವರ ಎದುರು ಮುಜುಗರವಾಗಿ, "ಸಾಕು, ಇನ್ನು ಈ ಉಪದ್ರ ಬೇಡ" ಎಂದು ಹೊರಟರು. ಸೋಮವಾರದಿಂದ ಬರುವುದು ಬೇಡವೆಂದು ಅವತ್ತೇ ಸಂಜೆ ಟೀಚರಿಗೆ ಫೋನಿನಲ್ಲಿ ತಿಳಿಸಿದರಂತೆ. ಒಂಬತ್ತು ವರ್ಷ ಒಂದು ಫೋನಿಗೆ ಮುಗಿಯಿತು.

ಒಂದು ಯಂತ್ರವನ್ನು ನಾನು ಅಂಗಡಿಗೆ ತಂದಿದ್ದೆ. ಸೋಮವಾರ ಬೆಳಗ್ಗೆ ಗಿರಾಕಿಗಳಿಲ್ಲದ ಹೊತ್ತು ಅದನ್ನು ಹಾಕಿ, ಸಿಟ್ಟು ಇಳಿದ ಮನಸ್ಸಿನಿಂದ ಮೊದಲ ಸಲ ಎಲ್ಲ ಸಾಲುಗಳನ್ನೂ ಓದಿದೆ. ಎಫ್ ಒಂದು ಒತ್ತಿ ಎನ್ನುವ ಮೊದಲು ಯಂತ್ರ ಹೇಳುತ್ತಿದ್ದದ್ದು ಇಷ್ಟು: ತಾರೀಕು, ಸಮಯ ಸರಿ ಇಲ್ಲ. ಡೆಸ್ಕ್‌ಟಾಪಿಗೆ ಆಜ್ಞೆ ಕೊಟ್ಟಾಗ ಓಡಿಹೋಗುತ್ತಿದ್ದ ಸಾಲುಗಳಲ್ಲಿ ಎರಡನೆಯದು: ಈ ಭಂಡಾರದ ಪಟ್ಟಿ ಇನ್ನೂ ಊರ್ಜಿತವಾಗಿಲ್ಲ, ಇಷ್ಟು ಸಾವಿರ ದಿನ ಕಳೆಯಬೇಕು.

ಅಯ್ಯೋ ದೇವರೇ. ಒಂದು ಕ್ಷಣಕ್ಕೆ ಎಲ್ಲ ಗೊತ್ತಾಯಿತು. ಯಂತ್ರದೊಳಗೆ ಗಡಿಯಾರವನ್ನು ನಡೆಸುವ ಗುಂಡಗಿನ ಪುಟ್ಟ ಬ್ಯಾಟರಿ ಸತ್ತಿತ್ತು. ಪ್ಲಗ್ ಇರುವವರೆಗೆ ಗಡಿಯಾರ ನಡೆಯುತ್ತದೆ. ಸಿಡಿಲಿಗೆ ಹೆದರಿ ಪ್ಲಗ್ ಕಿತ್ತ ಕೂಡಲೇ ಅದು ಯಂತ್ರ ತಯಾರಾದ ಕಾಲಕ್ಕೆ, ಹದಿನೈದು ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ. ನಾನು ತಂದ ಭಂಡಾರದ ಪಟ್ಟಿಯ ಮೇಲಿದ್ದದ್ದು ಈ ವರ್ಷದ ತಾರೀಕು. ಇನ್ನೂ ಹುಟ್ಟದ ಪಟ್ಟಿಯನ್ನು ನಾನು ಹೇಗೆ ನಂಬಲಿ ಎಂದು ಯಂತ್ರ ಅದನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಟೀಚರ್ ದಿನಾ ಬೆಳಗ್ಗೆ ಅರ್ಧ ಗಂಟೆ ಮೊದಲೇ ಬಂದು ಹತ್ತೂ ಯಂತ್ರಗಳಲ್ಲಿ ತಾರೀಕು, ಗಂಟೆ ತಿದ್ದಿಟ್ಟು ಆಮೇಲೆ ಮಕ್ಕಳನ್ನು ಒಳಗೆ ಕರೆಯುತ್ತಿದ್ದರೆಂದು ಮುಂದೆ ಶಾಲೆಯಲ್ಲಿ ನನ್ನ ಕಿವಿಗೆ ಬಿತ್ತು. ಗುರುವಾರವೂ ತಿದ್ದಿದ್ದರು, ಅದಕ್ಕೇ ಗುರುವಾರ ಎಲ್ಲ ನಡೆದದ್ದು. ಶುಕ್ರವಾರ, ಶನಿವಾರ ತಿದ್ದಲಿಲ್ಲ, ಯಾಕೆಂದರೆ ಮುಟ್ಟಬಾರದೆಂದು ಅಪ್ಪಣೆ ಮಾಡಿದ ದೊಡ್ಡ ಮನುಷ್ಯ ನಾನು.

ತಾರೀಕು ತಿದ್ದಿ ಮತ್ತೆ ಆಜ್ಞೆ ಕೊಟ್ಟೆ. ನಾನು ಚಾ ಕುಡಿದು ಮುಗಿಸುವ ಹೊತ್ತಿಗೆ ಡೆಸ್ಕ್‌ಟಾಪ್ ಎದ್ದು ಕೂತಿತ್ತು.

ಆಗಲೇ ಸಂಚಾಲಕರಿಗೆ ಫೋನು ಮಾಡಬೇಕಿತ್ತು. ಮಾಡಿದೆ ಕೂಡ. ಆದರೆ ಹೇಳಿದ್ದು, "ತೊಂದರೆ ಸಿಕ್ಕಿತು, ಎಲ್ಲವನ್ನೂ ಸರಿ ಮಾಡಿ ಕೊಡ್ತೇನೆ" ಎಂದು ಮಾತ್ರ. ತೊಂದರೆ ಏನೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೋಗಿ ಹತ್ತು ಹೊಸ ಬ್ಯಾಟರಿ ಹಾಕಿದೆ, ಒಂದೇ ಮಧ್ಯಾಹ್ನದಲ್ಲಿ ಹತ್ತೂ ಯಂತ್ರ ಬೆಳಗಿದವು. ಸಂಚಾಲಕರಿಗೆ ಖುಷಿಯೋ ಖುಷಿ. "ಕ್ಲಾಸ್ ಮುಂದುವರಿಸುವ. ಡಿಗ್ರಿ ಆದ ಒಬ್ಬಳು ಹುಡುಗಿ ಸಿಕ್ಕಿದ್ದಾಳೆ. ಹಳೆ ಟೀಚರಿಂದ ಆಗುವುದಿಲ್ಲ ಅಂತ ನೀವೇ ಹೇಳಿದ್ದಲ್ವಾ" ಎಂದರು. ನಾನು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕುತ್ತಾ ಹೂಂ ಎಂದೆ. ಆ ಹೂಂ ಹೇಳಿದ್ದಕ್ಕೆ ನನಗಿರುವಷ್ಟು ನಾಚಿಕೆ ಶನಿವಾರದ ಮಾತಿಗೂ ಇಲ್ಲ. ಶನಿವಾರ ನನಗೆ ಗೊತ್ತಿರಲಿಲ್ಲ. ಆ ದಿನ ಗೊತ್ತಿತ್ತು.

ನಾಲ್ಕೈದು ತಿಂಗಳು ಹಾಗೆಯೇ ಕಳೆಯಿತು. ಟೀಚರ್ ಮೂಡುಬಿದಿರೆಯಲ್ಲಿ ಟೈಲರಿಂಗ್ ಸಾಮಾನಿನ ಅಂಗಡಿಯೊಂದಕ್ಕೆ ಸೇರಿದ್ದಾರೆಂದು ಯಾರದೋ ಬಾಯಿಂದ ಕೇಳಿದ್ದೆ. ಮಿಜಾರಿಗೆ ಹೋಗುವಾಗೆಲ್ಲ ಬಸ್ಸು ಅಲ್ಲಿಯೇ ನಿಲ್ಲುತ್ತದೆ, ಇಳಿಯಬೇಕು ಎನಿಸುತ್ತದೆ, ಇಳಿಯುವುದಿಲ್ಲ. ಕೊನೆಗೊಂದು ದಿನ ಇಳಿದೆ. ಹೆಂಡತಿಗೆ ಎಲ್ಲ ಹೇಳಿದ್ದೆ, ಅವಳು "ಹೋಗಿ ಕಾಲು ಹಿಡಿಯಿರಿ, ನಿಮಗೇನು ಕಿರೀಟ ಬೀಳ್ತದಾ?" ಎಂದು ಉಗಿದು ಕಳುಹಿಸಿದ್ದಳು.

ಟೀಚರ್ ಕೌಂಟರಿನ ಹಿಂದೆ ನಿಂತು ಒಂದು ರವಿಕೆ ಕಣಕ್ಕೆ ಲೈನಿಂಗ್ ಬಟ್ಟೆಯ ಬಣ್ಣ ಹೊಂದಿಸುತ್ತಿದ್ದರು. ನನ್ನನ್ನು ಕಂಡು, "ಓ, ಸರ್. ಎಂಥ ಬೇಕಿತ್ತು?" ಎಂದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಬೇರೆ ಗಿರಾಕಿಗಳನ್ನು ಕೇಳುವ ಹಾಗೆಯೇ ಕೇಳಿದರು.

ನಾನು ಒಂದೇ ಉಸಿರಿಗೆ ಹೇಳಿದೆ. ಬ್ಯಾಟರಿ, ಪ್ಲಗ್ಗು, ತಾರೀಕು, ಎಲ್ಲ. "ತಪ್ಪು ನಿಮ್ಮದಲ್ಲ ಟೀಚರ್. ಪೂರ್ತಿ ನನ್ನದು. ಅದನ್ನು ಹೇಳಿ ಹೋಗುವ ಅಂತ ಬಂದೆ."

ಅವರು ಬಟ್ಟೆಯನ್ನು ಮಡಚುತ್ತಾ ಕೇಳಿಸಿಕೊಂಡರು.

"ನನಗೆ ಗೊತ್ತುಂಟಲ್ಲ ಸರ್. ನಾನು ಎರಡು ಸಲ ಹೇಳ್ಲಿಕ್ಕೆ ನೋಡಿದೆ."

"ಹೌದು. ನಾನು ಬಿಡಲಿಲ್ಲ."

"ಸಂಚಾಲಕರಿಗೆ ಹೇಳಿದ್ರಾ ಇದನ್ನು?"

"ಇಲ್ಲ."

"ಆ ಮಕ್ಕಳಿಗೆ? ನಾನು ಹಾಳು ಮಾಡಿದ್ದು ಅಂತ ಅವರ ಎದುರೇ ಹೇಳಿದ್ದು ನೀವು."

"ಅವರಿಗೂ ಇಲ್ಲ ಟೀಚರ್."

"ಗೊತ್ತಿಲ್ಲದವರಿಗೆ ಹೇಳದೆ, ಗೊತ್ತಿರುವ ನನಗೆ ಹೇಳಿ ಎಂಥ ಮಾಡುವುದು ಸರ್?"

ಅಷ್ಟರಲ್ಲಿ ಯಾರೋ ಹೆಂಗಸು ಬಂದು ಸೀರೆಗೆ ಫಾಲ್ ಕೇಳಿದರು. ಟೀಚರ್ ಅವರ ಸೀರೆಯನ್ನು ಬೆಳಕಿಗೆ ಹಿಡಿದು ಬಣ್ಣ ನೋಡಲು ತೊಡಗಿದರು. ನಾನು ಹೊರಗೆ ಬಂದೆ.

ಇದು ನಡೆದು ಹನ್ನೊಂದು ದಿನವಾಯಿತು. ಎರಡು ಸಲ ಬಿ.ಸಿ. ರೋಡಿನಿಂದ ಬೆಳ್ತಂಗಡಿ ಬಸ್ಸು ಹತ್ತಿದ್ದೇನೆ. ಶಾಲೆಯ ಸ್ಟಾಪಿನಲ್ಲಿ ಎರಡೂ ಸಲ ಇಳಿಯಲಿಲ್ಲ.